ಕೂಡಿ ನುಡಿಯುವ ತಂತಿಗಳು
(ಮೈಸೂರಿನ ವಾದ್ಯವೃಂದಗಳ ಒಂದು ಇತಿಹಾಸ)



ನಿಮ್ಮಲ್ಲಿ ಎಷ್ಟು ಮಂದಿ ಪಿಟೀಲನ್ನೋ ವೀಣೆಯನ್ನೋ ಕಲಿಯುತ್ತಿದ್ದೀರಿ? ಮೈಸೂರಿನ ಯಾವ ಶಾಲೆಯಲ್ಲಿ ಈ ಪ್ರಶ್ನೆ ಕೇಳಿದರೂ ತರಗತಿಗೆ ಒಂದೆರಡು ಕೈಗಳಾದರೂ ಮೇಲೇಳುತ್ತವೆ. ಸಂಜೆಯ ಹೊತ್ತು ಸರಸ್ವತಿಪುರಂ ಅಥವಾ ಒಂಟಿಕೊಪ್ಪಲಿನ ಅಡ್ಡರಸ್ತೆಗಳಲ್ಲಿ ನಡೆದುಹೋದರೆ ಯಾವುದೋ ಮನೆಯ ಕಿಟಕಿಯಿಂದ ಜಂಟಿವರಸೆ ಕೇಳಿಬರುತ್ತದೆ. ಕಲಿಯುವವರಿಗೆ ಈ ಊರಿನಲ್ಲಿ ಕೊರತೆಯಿಲ್ಲ, ಕಲಿಸುವವರಿಗೂ ಇಲ್ಲ.

ಆದರೆ ಮುಂದೇನು? ಜೂನಿಯರ್ ಪರೀಕ್ಷೆ ಆಗುತ್ತದೆ. ಕೆಲವರದು ಸೀನಿಯರ್ ಕೂಡ ಆಗುತ್ತದೆ. ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಬರುತ್ತದೆ, ಪಿ.ಯು.ಸಿ. ಬರುತ್ತದೆ, ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲಕ್ಕೆ ಹೋಗುತ್ತದೆ. ನೂರು ಮಂದಿ ಕಲಿತರೆ ಕಚೇರಿಯ ವೇದಿಕೆ ಹತ್ತುವವರು ಒಬ್ಬರೋ ಇಬ್ಬರೋ. ಉಳಿದವರು ಕಲಿತದ್ದೆಲ್ಲ ವ್ಯರ್ಥವೆ?

ನಾಟಕದ ವಿಷಯದಲ್ಲಿ ಕನ್ನಡಿಗರು ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡರು. ವೃತ್ತಿ ಕಂಪನಿಗಳ ಜೊತೆಗೇ ಹವ್ಯಾಸಿ ರಂಗಭೂಮಿ ಬೆಳೆಯಿತು. ಬ್ಯಾಂಕಿನ ಗುಮಾಸ್ತರು, ಅಧ್ಯಾಪಕರು, ವಿದ್ಯಾರ್ಥಿಗಳು ಸಂಜೆ ಕೂಡಿ ತಾಲೀಮು ನಡೆಸಿದರು. ಕೈಲಾಸಂ ಅಂಥವರು ಈ ಹವ್ಯಾಸಿಗಳಿಗಾಗಿಯೇ ಬರೆದರು. ಸಂಗೀತದಲ್ಲಿ, ಅದರಲ್ಲೂ ತಂತಿವಾದ್ಯಗಳಲ್ಲಿ, ಇಂಥ ಹವ್ಯಾಸಿ ಕೂಟಗಳು ಅಷ್ಟು ಬಲವಾಗಿ ಬೇರೂರಲಿಲ್ಲ. ಏಕೆ? ಮೈಸೂರಿನ ವಾದ್ಯವೃಂದಗಳ ಕಥೆಯನ್ನು ನೋಡಿದರೆ ಕಾರಣವೂ ಸಿಗುತ್ತದೆ, ದಾರಿಯೂ ಸಿಗುತ್ತದೆ.

ಕೋಟೆಯಿಂದ ಬಂದ ವಾದ್ಯ

ಮೊದಲು ಪಿಟೀಲು ನಮ್ಮದಾದ ಬಗೆಯನ್ನು ನೋಡೋಣ. ಇಟಲಿಯ ಕ್ರೆಮೋನಾ ಪಟ್ಟಣದಲ್ಲಿ ಸ್ಟ್ರಾಡಿವಾರಿ (1644-1737) ತನ್ನ ಪ್ರಸಿದ್ಧ ಪಿಟೀಲುಗಳನ್ನು ಮಾಡುತ್ತಿದ್ದ ಕಾಲದಲ್ಲಿ ದಕ್ಷಿಣ ಭಾರತದ ವಿದ್ವಾಂಸರಿಗೆ ಈ ವಾದ್ಯದ ಪರಿಚಯವಿರಲಿಲ್ಲ. ಅದು ಇಲ್ಲಿಗೆ ಬಂದದ್ದು ಐರೋಪ್ಯರ ಹಡಗುಗಳಲ್ಲಿ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಇಂಗ್ಲಿಷರ ಬ್ಯಾಂಡ್ ಇತ್ತು. ಅದನ್ನು ಕೇಳಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರೂ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೂ (1786-1858) ಸೇರಿದ್ದರು. ತಮ್ಮ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಹೊಂದಿಸಿದರು. ಅಣ್ಣ ಆ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ‘ನೋಟ್ಟುಸ್ವರ’ಗಳೆಂಬ ಪುಟ್ಟ ರಚನೆಗಳನ್ನು ಮಾಡಿದರು. ಈ ನೋಟ್ಟುಸ್ವರಗಳನ್ನು ನೆನಪಿನಲ್ಲಿಡಿ. ಮುಂದೆ ಇವು ನಮಗೆ ಬೇಕಾಗುತ್ತವೆ.

ನಮ್ಮವರು ಪಿಟೀಲನ್ನು ತೆಗೆದುಕೊಂಡಾಗ ಎರಡು ಮುಖ್ಯ ಬದಲಾವಣೆ ಮಾಡಿದರು. ಪಾಶ್ಚಾತ್ಯ ಪಿಟೀಲುಗಾರ ನಿಂತೋ ಕುರ್ಚಿಯಲ್ಲಿ ಕುಳಿತೋ ವಾದ್ಯವನ್ನು ಗದ್ದಕ್ಕೆ ಒತ್ತಿ ಹಿಡಿಯುತ್ತಾನೆ. ನಮ್ಮವರು ನೆಲದ ಮೇಲೆ ಕುಳಿತು ವಾದ್ಯದ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರಿದರು. ಇದರಿಂದ ಎಡಗೈಗೆ ವಾದ್ಯವನ್ನು ಎತ್ತಿ ಹಿಡಿಯುವ ಹೊರೆ ತಪ್ಪಿತು. ಜಾರು, ಕಂಪಿತ ಮುಂತಾದ ಗಮಕಗಳಿಗೆ ಬೆರಳುಗಳು ತಂತಿಯ ಉದ್ದಕ್ಕೂ ಸಲೀಸಾಗಿ ಓಡಿದವು. ಎರಡನೆಯದಾಗಿ, ನಾಲ್ಕು ತಂತಿಗಳನ್ನು ಷಡ್ಜ-ಪಂಚಮ-ಷಡ್ಜ-ಪಂಚಮಗಳಿಗೆ ಕೂಡಿಸಿಕೊಂಡರು. ಹೀಗೆ ಪರದೇಶದ ವಾದ್ಯ ನಮ್ಮ ಹಾಡುಗಾರಿಕೆಯ ನೆರಳಿನಂತೆ ನಡೆಯಲು ಕಲಿಯಿತು.

ಆದರೆ ಗಮನಿಸಿ. ಯುರೋಪಿನಲ್ಲಿ ಪಿಟೀಲುಗಳು ಸಾಲುಸಾಲಾಗಿ ಕೂಡಿ ನುಡಿಯುತ್ತಿದ್ದವು. ಇಲ್ಲಿ ಹಾಡುಗಾರರ ಪಕ್ಕದಲ್ಲಿ ಒಂದೇ ಪಿಟೀಲು ಕುಳಿತಿತು. ವಾದ್ಯ ಬಂತು, ವೃಂದ ಬರಲಿಲ್ಲ. ನಮ್ಮ ಸಂಗೀತಕ್ಕೆ ಬೇಕಾಗಿದ್ದುದು ಮನೋಧರ್ಮ. ಹತ್ತು ಜನರ ಮನೋಧರ್ಮ ಒಂದೇ ಕ್ಷಣದಲ್ಲಿ ಒಂದೇ ದಾರಿಯಲ್ಲಿ ಹೋಗುವುದಿಲ್ಲ.

ಅರಸರೂ ಪಿಟೀಲು ನುಡಿಸಿದರು

ಮೈಸೂರಿನಲ್ಲಿ ಈ ಸ್ಥಿತಿ ಬದಲಾದದ್ದು ಅರಮನೆಯಲ್ಲಿ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಹಿಂತಿರುಗಿಸಿದಾಗ ಪಟ್ಟಕ್ಕೆ ಬಂದವರು 10ನೆಯ ಚಾಮರಾಜೇಂದ್ರ ಒಡೆಯರು (1863-1894). ಅವರಿಗೆ ಪಿಟೀಲಿನಲ್ಲಿ ಒಳ್ಳೆಯ ಪರಿಶ್ರಮವಿತ್ತು. ಅರಮನೆಯ ಕೃಷ್ಣ ದೇವಾಲಯದಲ್ಲಿ ಇತರ ಕೆಲವರ ಜೊತೆ ಕುಳಿತು ಅವರು ಪಿಟೀಲು ನುಡಿಸುತ್ತಿದ್ದರು.

ಈ ಸಂಗತಿಯನ್ನು ಸ್ವಲ್ಪ ನಿಂತು ಯೋಚಿಸಿ. ಅರಸರಿಗೆ ಪಿಟೀಲು ವೃತ್ತಿಯಾಗಿರಲಿಲ್ಲ; ಕಚೇರಿ ಮಾಡಿ ಹೆಸರು ಗಳಿಸಬೇಕಾದ ಅಗತ್ಯವೂ ಇರಲಿಲ್ಲ. ಸಂತೋಷಕ್ಕಾಗಿ, ಕೂಡಿ ನುಡಿಸುವ ಸುಖಕ್ಕಾಗಿ ನುಡಿಸಿದರು. ‘ಹವ್ಯಾಸಿ’ ಎಂಬ ಮಾತಿಗೆ ಇದಕ್ಕಿಂತ ಸರಿಯಾದ ಅರ್ಥ ಯಾವುದು? ಈಗ ನೀವು ನೋಡುವ ಅರಮನೆ ಆಗ ಇರಲಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೊಸದು ಎದ್ದು 1912ರಲ್ಲಿ ಪೂರ್ಣಗೊಂಡಿತು.

ಅದೇ ಕಾಲದಲ್ಲಿ ಅರಮನೆಯಲ್ಲಿದ್ದ ವೀಣೆ ಶೇಷಣ್ಣನವರು (1852-1926) ಇನ್ನೊಂದು ದಿಕ್ಕಿನಿಂದ ದಾರಿ ಮಾಡಿಕೊಟ್ಟರು. ವೀಣೆಯಲ್ಲಿ ಅವರಿಗೆ ಸಮಾನರಿರಲಿಲ್ಲ. ಆದರೂ ಪಿಟೀಲು, ಜಲತರಂಗ, ಸ್ವರಬತ್, ಪಿಯಾನೊಗಳನ್ನೂ ಕಲಿತರು. ವಿದೇಶದ ವಾದ್ಯವೆಂದು ಪಿಯಾನೊವನ್ನು ದೂರವಿಡಲಿಲ್ಲ. ಎಲ್ಲ ವಾದ್ಯಗಳ ಗುಣವನ್ನೂ ಅರಿತ ಇಂಥ ಹಿರಿಯರಿದ್ದ ಊರಿನಲ್ಲಿ ವಾದ್ಯಗಳನ್ನು ಕೂಡಿಸುವ ಯೋಚನೆ ಹುಟ್ಟಿದ್ದು ಆಶ್ಚರ್ಯವಲ್ಲ.

ಎರಡು ವೃಂದಗಳು

ನಾಲ್ವಡಿ ಕೃಷ್ಣರಾಜ ಒಡೆಯರ (1884-1940) ಕಾಲದಲ್ಲಿ ಈ ಯೋಚನೆ ಪೂರ್ಣರೂಪ ಪಡೆಯಿತು. ನಾಲ್ವಡಿಯವರು ಸ್ವತಃ ವೀಣೆ, ಪಿಟೀಲು, ಕೊಳಲು, ಪಿಯಾನೊ ಮುಂತಾದ ಹಲವು ವಾದ್ಯಗಳನ್ನು ಬಲ್ಲವರು. ಅರಮನೆಯಲ್ಲಿ ಎರಡು ವೃಂದಗಳಿದ್ದವು: ಒಂದು ಪಾಶ್ಚಾತ್ಯ, ಇನ್ನೊಂದು ಕರ್ನಾಟಕ. ಪಾಶ್ಚಾತ್ಯ ವೃಂದದ ನಿರ್ದೇಶಕರಾಗಿ ಯುರೋಪಿನಿಂದ ಬಂದ ಆಟೊ ಶ್ಮಿಟ್ ಕೆಲಸ ಮಾಡಿದರು. ಕರ್ನಾಟಕ ವಾದ್ಯವೃಂದದ ಹೊಣೆ ಶೇಷಣ್ಣನವರ ಶಿಷ್ಯರಾದ ವೀಣೆ ವೆಂಕಟಗಿರಿಯಪ್ಪನವರ (1887-1952) ಮೇಲೆ ಬಿತ್ತು. ‘ನಗ್ಮಾ’ ಎಂಬ ವಾದ್ಯರಚನೆಗಳನ್ನೂ ಅವರು ಮಾಡಿದರು. ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877-1945) ನಾಲ್ವಡಿಯವರ ಇಚ್ಛೆಯಂತೆ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದರು. ಪಾಶ್ಚಾತ್ಯ ಧಾಟಿಯ ಪ್ರಸಿದ್ಧ ‘ಇಂಗ್ಲಿಷ್ ನೋಟ್’ ಕೂಡ ಅವರದೇ.

ಕೂಡಿ ನುಡಿಸಬೇಕಾದರೆ ಏನೇನು ಗೊತ್ತುಮಾಡಿಕೊಳ್ಳಬೇಕು? ಕರ್ನಾಟಕ ವೃಂದದ ಮುಂದೆ ಯಾವಾಗಲೂ ನಾಲ್ಕು ಪ್ರಶ್ನೆಗಳಿರುತ್ತವೆ. ನೀವು ನಾಳೆ ಒಂದು ವೃಂದ ಕಟ್ಟಿದರೂ ಇವೇ ಎದುರಾಗುತ್ತವೆ.

ಮೊದಲನೆಯದು ಶ್ರುತಿ. ಹಾಡುಗಾರರು ತಮ್ಮ ಕಂಠಕ್ಕೆ ಒಪ್ಪುವ ಶ್ರುತಿಯನ್ನು ಆರಿಸಿಕೊಳ್ಳುತ್ತಾರೆ. ವೃಂದದಲ್ಲಿ ಎಲ್ಲರಿಗೂ ಒಂದೇ ಶ್ರುತಿ. ವೀಣೆಯ ತಂತಿಯನ್ನು ಬಹಳ ಏರಿಸಿದರೆ ಅದು ತಡೆಯುವುದಿಲ್ಲ, ಪಿಟೀಲನ್ನು ಬಹಳ ಇಳಿಸಿದರೆ ನಾದ ಸತ್ತುಹೋಗುತ್ತದೆ. ಇವೆರಡರ ನಡುವೆ ರಾಜಿಯಾಗಬೇಕು.

ಎರಡನೆಯದು ಲಿಪಿ. ಗುರುವಿನ ಬಾಯಿಂದ ಕೇಳಿ ಕಲಿತ ಕೃತಿಯಲ್ಲಿ ಒಂದೊಂದು ಮನೆಗೆ ಒಂದೊಂದು ಪಾಠಾಂತರ. ಹನ್ನೆರಡು ಜನ ಕೂಡಿದಾಗ ಯಾರ ಪಾಠ? ಒಂದನ್ನು ಸ್ವರಲಿಪಿಯಲ್ಲಿ ಬರೆದು ಎಲ್ಲರೂ ಅದಕ್ಕೆ ಬದ್ಧರಾಗಬೇಕು.

ಮೂರನೆಯದು ಕಮಾನು. ಒಬ್ಬರ ಕಮಾನು ಮೇಲೆ ಹೋಗುವಾಗ ಇನ್ನೊಬ್ಬರದು ಕೆಳಗೆ ಬಂದರೆ ಕಣ್ಣಿಗೆ ಅಂದಗೆಡುವುದಷ್ಟೇ ಅಲ್ಲ, ಕಿವಿಗೂ ತಿಳಿಯುತ್ತದೆ. ಕಮಾನು ತಿರುಗುವ ಕಡೆ ಸ್ವರಕ್ಕೊಂದು ಸಣ್ಣ ಒತ್ತು ಬೀಳುತ್ತದೆ. ಆ ಒತ್ತು ಎಲ್ಲರಲ್ಲೂ ಒಂದೇ ಕಡೆ ಬಿದ್ದರೆ ಸಾಹಿತ್ಯದ ಅಕ್ಷರ ಸ್ಪಷ್ಟವಾಗುತ್ತದೆ.

ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟದ್ದು: ಗಮಕ. ತೋಡಿಯ ಗಾಂಧಾರವನ್ನು ಹತ್ತು ಜನ ಹತ್ತು ವೇಗದಲ್ಲಿ ಆಡಿಸಿದರೆ ರಾಗ ಕಲಸಿಹೋಗುತ್ತದೆ. ಎಲ್ಲ ಗಮಕವನ್ನೂ ತೆಗೆದುಹಾಕಿದರೆ ರಾಗವೇ ಉಳಿಯುವುದಿಲ್ಲ. ಎಲ್ಲಿ ಆಡಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಷ್ಟು ಎಂಬುದನ್ನು ಕೂಡಿ ಕುಳಿತು ಒಪ್ಪಿಕೊಳ್ಳಬೇಕು. ಇದನ್ನು ಯಾವ ಲಿಪಿಯೂ ಪೂರ್ತಿಯಾಗಿ ಬರೆದುಕೊಡಲಾರದು. ಪಕ್ಕದವರನ್ನು ಕೇಳಿಸಿಕೊಂಡೇ ಕಲಿಯಬೇಕು.

ಹತ್ತು ಪಿಟೀಲು ಸೇರಿದರೆ ಹತ್ತರಷ್ಟು ಸದ್ದೇ?

ನಿಮ್ಮಲ್ಲಿ ವಿಜ್ಞಾನ ಓದುವವರಿಗೆ ಇಲ್ಲೊಂದು ಪ್ರಶ್ನೆ. ಒಂದು ಪಿಟೀಲಿನ ಬದಲು ಹತ್ತು ಪಿಟೀಲು ಒಂದೇ ಸ್ವರವನ್ನು ಒಂದೇ ಬಲದಲ್ಲಿ ನುಡಿಸಿದರೆ ನಮಗೆ ಹತ್ತರಷ್ಟು ಜೋರಾಗಿ ಕೇಳುತ್ತದೆಯೆ? ಇಲ್ಲ. ಶಬ್ದದ ಶಕ್ತಿ ಹತ್ತರಷ್ಟಾಗುತ್ತದೆ ನಿಜ. ಅಂದರೆ 10 ಡೆಸಿಬೆಲ್ ಏರಿಕೆ. ಆದರೆ ನಮ್ಮ ಕಿವಿಗೆ ಅದು ಸುಮಾರು ಎರಡರಷ್ಟು ಜೋರಾದಂತೆ ಮಾತ್ರ ತೋರುತ್ತದೆ. ಬರೀ ಸದ್ದಿಗಾಗಿ ವೃಂದ ಕಟ್ಟುವುದು ಲಾಭದ ಕೆಲಸವಲ್ಲ.

ಹಾಗಾದರೆ ಲಾಭ ಯಾವುದರಲ್ಲಿ? ನಾದದ ಗುಣದಲ್ಲಿ. ಒಂದು ತಂತಿ ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದರೆ ಅವೆರಡರ ನಾದ ಸೇರಿ ಸೆಕೆಂಡಿಗೆ ಎರಡು ಸಲ ಏರಿಳಿಯುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ‘ಬೀಟ್ಸ್’ ಎಂದು ನೀವು ಓದುವುದು ಇದನ್ನೇ. ಎರಡೇ ಪಿಟೀಲು ಇದ್ದಾಗ ಈ ಏರಿಳಿತ ಕಿವಿಗೆ ಚುಚ್ಚುತ್ತದೆ, ಅಪಶ್ರುತಿ ಬಯಲಾಗುತ್ತದೆ. ಹತ್ತು ಹನ್ನೆರಡು ಪಿಟೀಲು ಇದ್ದಾಗ ಅತಿ ಸಣ್ಣ ವ್ಯತ್ಯಾಸಗಳೆಲ್ಲ ಒಂದರಲ್ಲೊಂದು ಬೆರೆತು ನಾದಕ್ಕೆ ಒಂದು ಬಗೆಯ ಮೆರುಗು, ಒಂದು ವಿಸ್ತಾರ ಬರುತ್ತದೆ. ಒಬ್ಬ ಮಹಾವಿದ್ವಾಂಸ ಎಷ್ಟೇ ಚೆನ್ನಾಗಿ ನುಡಿಸಿದರೂ ಒಂಟಿಯಾಗಿ ಈ ನಾದವನ್ನು ತರಲಾರ. ಮಧ್ಯಮ ದರ್ಜೆಯ ಹನ್ನೆರಡು ಮಂದಿ, ಶ್ರುತಿ ಶುದ್ಧವಾಗಿಟ್ಟುಕೊಂಡು ಒಬ್ಬರನ್ನೊಬ್ಬರು ಕೇಳಿಸಿಕೊಂಡರೆ, ತರಬಲ್ಲರು. ಹವ್ಯಾಸಿಗಳಿಗೆ ಇದಕ್ಕಿಂತ ಭರವಸೆಯ ಮಾತು ಬೇಕೆ?

ಈ ವಿಷಯದಲ್ಲಿ ಒಬ್ಬ ಭಾರತೀಯ ವಿಜ್ಞಾನಿಯನ್ನು ನೆನೆಯಬೇಕು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸರ್ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ ಪಿಟೀಲಿನ ತಂತಿಯನ್ನು ಆಳವಾಗಿ ಪರೀಕ್ಷಿಸಿ 1918ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಕಮಾನಿನ ಕೂದಲು ತಂತಿಯನ್ನು ಹಿಡಿದುಕೊಂಡು ಸ್ವಲ್ಪ ದೂರ ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹೋಗುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿತ-ಜಾರಿಕೆಯ ಲೆಕ್ಕವನ್ನು ಅವರು ಬಿಡಿಸಿದರು. ಕಮಾನಿನ ವೇಗ ಮತ್ತು ಒತ್ತಡಗಳನ್ನು ಅಳೆಯುವುದಕ್ಕಾಗಿ ಪಿಟೀಲು ನುಡಿಸುವ ಯಂತ್ರವನ್ನೇ ಮಾಡಿದರು. ವೀಣೆ, ತಂಬೂರಿಗಳ ಕುದುರೆಯ ವಿಶೇಷವನ್ನು ಕುರಿತು 1921ರಲ್ಲಿ ಬರೆದರು. ರಾಮನ್ ಎಂದರೆ ಬರೀ ಬೆಳಕಿನ ಚದುರಿಕೆ ಎಂದುಕೊಳ್ಳಬೇಡಿ.

ಚೌಡಯ್ಯನವರ ಏಳು ತಂತಿ

ನಾದವನ್ನು ಹಿಗ್ಗಿಸುವ ಇದೇ ಪ್ರಶ್ನೆಗೆ ಮೈಸೂರಿನಲ್ಲಿ ಇನ್ನೊಂದು ಉತ್ತರವೂ ಹುಟ್ಟಿತು. ತಿರುಮಕೂಡಲಿನ ಟಿ. ಚೌಡಯ್ಯನವರು (1895-1967) ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದರು. ಶಿವರಾಂಪೇಟೆಯಲ್ಲಿ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಆ ದಿನಗಳಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೋಡಿತಂತಿಗಳನ್ನು ಸೇರಿಸಿದರು. ನಾಲ್ಕು ಏಳಾಯಿತು. ಜೋಡಿತಂತಿಯ ಸ್ಥಾಯಿ ಬೇರೆ. ಒಂದೇ ಬೆರಳು, ಒಂದೇ ಕಮಾನು, ಎರಡು ಸ್ಥಾಯಿಗಳ ನಾದ. ಒಬ್ಬರೇ ಕುಳಿತು ನುಡಿಸಿದರೂ ಇಬ್ಬರು ನುಡಿಸಿದ ತುಂಬು ದನಿ.

ಹಾಗೆಂದು ಅವರು ಒಂಟಿಯಾಗಿ ಉಳಿದವರಲ್ಲ. ವೆಂಕಟಗಿರಿಯಪ್ಪನವರ ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್ಯರ (1920-1997) ವೀಣೆಯೊಡನೆ ಚೌಡಯ್ಯನವರ ಪಿಟೀಲು ಕೂಡಿದ ಕಚೇರಿಗಳು ಹೆಸರಾದವು. ಮೀಟಿದ ತಂತಿಯ ನಾದ ಹುಟ್ಟಿದ ಕೂಡಲೇ ಕ್ಷೀಣಿಸತೊಡಗುತ್ತದೆ. ಕಮಾನಿನ ನಾದ ಎಳೆದಷ್ಟು ಹೊತ್ತು ನಿಲ್ಲುತ್ತದೆ. ಒಂದು ಬಿಟ್ಟ ಜಾಗವನ್ನು ಇನ್ನೊಂದು ತುಂಬುತ್ತದೆ. ವೀಣೆ ಮತ್ತು ಪಿಟೀಲು ಒಂದೇ ವೃಂದದಲ್ಲಿ ಸೊಗಸುವುದು ಈ ಕಾರಣದಿಂದ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ 1980ರಿಂದ ಈ ಹಿರಿಯರ ಹೆಸರನ್ನು ಉಳಿಸಿದೆ.

ಮೈಸೂರಿನಿಂದ ಲಂಡನ್ನಿಗೆ

ನಾಲ್ವಡಿಯವರ ನಂತರ 1940ರಲ್ಲಿ, 21ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು (1919-1974) ಪಿಯಾನೊದಲ್ಲಿ ಪರಿಣತರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪದವಿ ಪಡೆದವರು. ಆಮೇಲೆ ಕರ್ನಾಟಕ ಸಂಗೀತದ ಕಡೆಗೆ ತಿರುಗಿ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು, 94 ಕೃತಿಗಳನ್ನು ರಚಿಸಿದರು.

ಅವರ ಉಪಕಾರ ಮೈಸೂರಿನ ಎಲ್ಲೆ ದಾಟಿತ್ತು. ನಿಕೊಲಾಯ್ ಮೆಡ್ನರ್ (1880-1951) ಎಂಬ ರಷ್ಯನ್ ಸಂಗೀತರಚನಕಾರ ಲಂಡನ್ನಿನಲ್ಲಿ ಕಾಯಿಲೆ ಮತ್ತು ಬಡತನಗಳಲ್ಲಿ ದಿನ ಕಳೆಯುತ್ತಿದ್ದ. ಒಡೆಯರ ಹಣದಿಂದ ಅವನ ರಚನೆಗಳು ಅವನದೇ ವಾದನದಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದವು. ಕೃತಜ್ಞತೆಯಿಂದ ಅವನು ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದ ಕಟ್ಟಿದ. ಅದರ ಕಚೇರಿಗಳನ್ನು ನಡೆಸಲು 1948ರಲ್ಲಿ ಹುಟ್ಟಿದ ಸಂಘಕ್ಕೆ ಜಯಚಾಮರಾಜರೇ ಮೊದಲ ಅಧ್ಯಕ್ಷರಾಗಿ ಧನಸಹಾಯ ಮಾಡಿದರು. ಜರ್ಮನಿಯ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮೊದಲ ಬಾರಿ ಕೇಳಿಬಂದಾಗ ಅದರ ಹಿಂದೆಯೂ ಮೈಸೂರಿನ ಹಣವಿತ್ತು.

ಆಶ್ರಯ ಮುಗಿದ ಮೇಲೆ

ಇನ್ನು ಕಥೆಯ ಕಠಿಣ ಭಾಗಕ್ಕೆ ಬರೋಣ. ಅರಸರ ಆಶ್ರಯದಲ್ಲಿ ಬೆಳೆದ ವೃಂದ ಅರಸೊತ್ತಿಗೆ ಹೋದ ಮೇಲೆ ಏನಾಗುತ್ತದೆ?

ಯುರೋಪಿನಲ್ಲಿ ಇದು ಒಂದೂವರೆ ಶತಮಾನ ಮೊದಲೇ ನಡೆದಿತ್ತು. ಜೋಸೆಫ್ ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಮನೆತನದ ವೃಂದಕ್ಕೆ ಸೇರಿದ. ಅಲ್ಲಿನ ರಾಜಕುಮಾರ ನಿಕೊಲಾಸ್ ತಾನೇ ‘ಬ್ಯಾರಿಟನ್’ ಎಂಬ ತಂತಿವಾದ್ಯ ನುಡಿಸುತ್ತಿದ್ದ ಹವ್ಯಾಸಿ. ಅವನು ಕೂಡಿ ನುಡಿಸಲೆಂದೇ ಹೈಡನ್ ನೂರಕ್ಕೂ ಹೆಚ್ಚು ರಚನೆಗಳನ್ನು ಮಾಡಿದ. ಮೈಸೂರಿನ ಚಾಮರಾಜೇಂದ್ರರ ನೆನಪಾಗುವುದಿಲ್ಲವೆ? 1790ರಲ್ಲಿ ನಿಕೊಲಾಸ್ ತೀರಿಕೊಂಡ. ಮಗನಿಗೆ ಸಂಗೀತದಲ್ಲಿ ಆಸಕ್ತಿಯಿರಲಿಲ್ಲ, ವೃಂದವನ್ನು ವಿಸರ್ಜಿಸಿದ. ಹೈಡನ್ ಲಂಡನ್ನಿಗೆ ಹೋದ. ಅಲ್ಲಿ ಜನ ಚೀಟಿ ಕೊಂಡು ಬಂದು ಅವನ ಸಂಗೀತ ಕೇಳಿದರು. ಆಶ್ರಯ ಅರಮನೆಯಿಂದ ಊರಿನ ಕೈಗೆ ಬಂದಿತ್ತು.

ಮೈಸೂರಿನಲ್ಲಿ 1947ರ ನಂತರ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ಸೇರಿತು. ಮಹಾರಾಜರು ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. 1971ರಲ್ಲಿ ರಾಜಧನವೂ ನಿಂತಿತು. ಅರಮನೆಯ ವಾದ್ಯಪರಂಪರೆ ಪೊಲೀಸ್ ಇಲಾಖೆಯ ಆಶ್ರಯಕ್ಕೆ ಬಂತು. ದಸರೆಯಲ್ಲಿ ದೀಪಗಳಿಂದ ಬೆಳಗುವ ಅರಮನೆಯ ಮುಂದೆ ಪೊಲೀಸ್ ಬ್ಯಾಂಡನ್ನು ನೀವು ಕೇಳಿರುತ್ತೀರಿ. ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಸಂಗೀತ ನುಡಿಸುವ ವೃಂದವೂ ಪೊಲೀಸ್ ಸಮವಸ್ತ್ರದಲ್ಲೇ ಇರುವುದು ಮೈಸೂರಿನ ಹೆಮ್ಮೆ.

ಇದು ಏಕೆ ಉಳಿಯಿತು ಎಂದು ಯೋಚಿಸಿ. ಬ್ಯಾಂಡಿಗೆ ಒಂದು ಕೆಲಸವಿತ್ತು. ಕವಾಯತು, ಮೆರವಣಿಗೆ, ಗೌರವವಂದನೆಗಳಿಗೆ ಅದು ಬೇಕು. ಆದ್ದರಿಂದ ಅದಕ್ಕೆ ಸಂಬಳವೂ ಸಿಕ್ಕಿತು. ತಂತಿವಾದ್ಯಗಳ ಕೂಟಕ್ಕೆ ಅಂಥ ಕೆಲಸ ಕಡಿಮೆ. ಪಿಟೀಲು ನುಡಿಸುತ್ತಾ ಕವಾಯತು ಮಾಡಲಾಗುವುದಿಲ್ಲ, ವೀಣೆ ಹೊತ್ತು ಮೆರವಣಿಗೆಯಲ್ಲಿ ನಡೆಯಲಾಗುವುದಿಲ್ಲ. ಕುಳಿತು, ಸದ್ದಿಲ್ಲದ ಜಾಗದಲ್ಲಿ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ನುಡಿಸುವ ಇಂಥ ಕೂಟಕ್ಕೆ ಅದರ ಸಂತೋಷವೇ ಮುಖ್ಯ ಆಧಾರ. ಆ ಸಂತೋಷ ಬೇಕೆನ್ನುವವರು ಇರುವವರೆಗೆ ಮಾತ್ರ ಅದು ಉಳಿಯುತ್ತದೆ.

ಬಾನುಲಿ ಸ್ವಲ್ಪ ಮಟ್ಟಿಗೆ ಅರಸರ ಸ್ಥಾನ ತುಂಬಿತು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬೆಳೆದದ್ದು ಅಲ್ಲಿಂದಲೇ. ಆ ಹೆಸರನ್ನೇ ತಳೆದ ರಾಷ್ಟ್ರೀಯ ಬಾನುಲಿ 1952ರಲ್ಲಿ ದೆಹಲಿಯಲ್ಲಿ ‘ವಾದ್ಯವೃಂದ’ವನ್ನು ಸ್ಥಾಪಿಸಿತು. ಹಿಂದೂಸ್ತಾನಿಯ ಕಡೆಯಿಂದ ರವಿಶಂಕರ್, ಕರ್ನಾಟಕದ ಕಡೆಯಿಂದ ಪಿಟೀಲು ವಿದ್ವಾಂಸ ಟಿ.ಕೆ. ಜಯರಾಮ ಅಯ್ಯರ್ ಅದರ ಹೊಣೆ ಹೊತ್ತರು. ದೊರೆಸ್ವಾಮಿ ಅಯ್ಯಂಗಾರ್ಯರು 1955ರಲ್ಲಿ ಬೆಂಗಳೂರು ಆಕಾಶವಾಣಿ ಸೇರಿದರು. ಆದರೆ ಇವೆಲ್ಲ ವೃತ್ತಿಯ ಕಲಾವಿದರ ವೃಂದಗಳು. ದೂರದರ್ಶನದ ಮಾಧ್ಯಮದವನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕ್ಯಾಮೆರಾಕ್ಕೆ ಒಂಟಿ ಮುಖವೆಂದರೆ ಇಷ್ಟ. ಹದಿನೈದು ಜನ ಸಮಾನವಾಗಿ ನುಡಿಸುವಾಗ ಯಾರನ್ನು ತೋರಿಸಬೇಕೆಂದು ಅದಕ್ಕೆ ತೋಚುವುದಿಲ್ಲ. ಕಿರುತೆರೆ ಬಂದ ಮೇಲೆ ಸ್ಪರ್ಧೆಗಳು ಹೆಚ್ಚಿದವು, ಕೂಟಗಳು ಹೆಚ್ಚಲಿಲ್ಲ.

ಇನ್ನು ನಿಮ್ಮ ಸರದಿ

ಹವ್ಯಾಸಿಗಳ ವೃಂದ ನಮಗೆ ಪೂರ್ತಿ ಹೊಸದೂ ಅಲ್ಲ. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆಗೆ ಹೋಗಿ ನೋಡಿ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಐದು ಪಂಚರತ್ನ ಕೃತಿಗಳನ್ನು ಎಲ್ಲರೂ ಕೂಡಿ ಹಾಡುತ್ತಾರೆ, ನುಡಿಸುತ್ತಾರೆ. ಹಿರಿಯ ವಿದ್ವಾಂಸರ ಹಿಂದೆ ಎರಡನೆಯ ಸಾಲಿನಲ್ಲಿ ಗೃಹಿಣಿಯರು, ಎಂಜಿನಿಯರುಗಳು, ನಿವೃತ್ತರು, ಮಕ್ಕಳು ಕುಳಿತಿರುತ್ತಾರೆ. ಅಲ್ಲಿ ಯಾರಿಗೂ ಬಹುಮಾನವಿಲ್ಲ. ಐದೂ ಕೃತಿಗಳು ಆದಿತಾಳದಲ್ಲಿವೆ, ಸ್ವರ ಮತ್ತು ಸಾಹಿತ್ಯ ಎರಡೂ ನಿಶ್ಚಿತವಾಗಿವೆ. ಆದ್ದರಿಂದಲೇ ಇಷ್ಟು ಜನ ಕೂಡಲು ಸಾಧ್ಯವಾಗಿದೆ. ವರ್ಷಕ್ಕೆ ಒಂದು ಬೆಳಗ್ಗೆ ಆಗುವ ಈ ಕೂಟ ವಾರಕ್ಕೊಂದು ಸಂಜೆ ಏಕಾಗಬಾರದು?

ಲಂಡನ್ನಿನ ಸೇಂಟ್ ಪಾಲ್ ಹೆಣ್ಣುಮಕ್ಕಳ ಶಾಲೆಯಲ್ಲಿ ಗುಸ್ತಾವ್ ಹೋಲ್ಸ್ಟ್ ಎಂಬ ಸಂಗೀತದ ಮೇಷ್ಟ್ರು ಇದ್ದರು. ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ಇಂಗ್ಲಿಷಿಗೆ ತಂದು ಸಂಗೀತಕ್ಕೆ ಅಳವಡಿಸಿದವರು ಅವರು. ತಮ್ಮ ಶಾಲೆಯ ಹುಡುಗಿಯರ ತಂತಿವಾದ್ಯವೃಂದಕ್ಕಾಗಿ 1912-13ರಲ್ಲಿ ‘ಸೇಂಟ್ ಪಾಲ್ಸ್ ಸೂಟ್’ ಎಂಬ ರಚನೆ ಮಾಡಿದರು. ವಿದ್ಯಾರ್ಥಿಗಳಿಗೆಂದು ಬರೆದ ಆ ಸಂಗೀತವನ್ನು ಇಂದು ದೊಡ್ಡ ದೊಡ್ಡ ವೃಂದಗಳೂ ನುಡಿಸುತ್ತವೆ. ನಮ್ಮ ಶಾಲಾ ಕಾಲೇಜುಗಳ ಮೇಷ್ಟ್ರುಗಳೂ ಹೀಗೇ ಬರೆಯಬಹುದು; ಆದರೆ ನುಡಿಸುವ ವೃಂದ ಮೊದಲು ಇರಬೇಕು.

ಹೇಗೆ ಶುರುಮಾಡುವುದು? ನಾಲ್ಕೈದು ಪಿಟೀಲು, ಸಾಧ್ಯವಾದರೆ ಒಂದು ವೀಣೆ, ಒಂದು ಮೃದಂಗ ಸಾಕು. ಮೊದಲ ಕಾಲುಗಂಟೆ ಶ್ರುತಿ ಕೂಡಿಸಲು ಬೇಕು; ಅದು ಕಾಲಹರಣವೆಂದು ತಿಳಿಯಬೇಡಿ. ಮೊದಲ ಪಾಠಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳನ್ನು ತೆಗೆದುಕೊಳ್ಳಿ. ಅವು ಶಂಕರಾಭರಣದ ಸ್ವರಗಳಲ್ಲಿವೆ, ಗಮಕದ ತೊಡಕಿಲ್ಲ. ಎಲ್ಲರ ಕಮಾನೂ ಒಂದಾಗಿ ಮೇಲೆ ಕೆಳಗೆ ಆಡುವುದನ್ನು ಅಲ್ಲಿ ಕಲಿಯಿರಿ. ಆಮೇಲೆ ಮೋಹನದಂಥ ರಾಗದ ಒಂದು ವರ್ಣ, ಅದಾದ ಮೇಲೆ ಒಂದು ಕೃತಿ. ವೃಂದದ ಮುಖ್ಯಸ್ಥರನ್ನು ತಿಂಗಳಿಗೊಮ್ಮೆ ಬದಲಿಸಿ. ಚೆನ್ನಾಗಿ ನುಡಿಸಬಲ್ಲವರು ಹಿಂದಿನ ಸಾಲಿನಲ್ಲಿ, ಹೊಸಬರ ಪಕ್ಕದಲ್ಲಿ ಕುಳಿತುಕೊಳ್ಳಲಿ. ಮನೆಯಲ್ಲಿ ಹತ್ತು ಸಲ ಹೇಳಿದರೂ ತಿದ್ದದ ತಪ್ಪು ಪಕ್ಕದವರ ಕಮಾನು ನೋಡಿದ ಕೂಡಲೇ ತಿದ್ದಿಹೋಗುವುದುಂಟು.

ಒಂದು ಎಚ್ಚರಿಕೆಯ ಮಾತು. ವೃಂದದಲ್ಲಿ ನಿಮ್ಮ ನಾದ ನಿಮಗೇ ಬೇರೆಯಾಗಿ ಕೇಳಿಸಬಾರದು. ಕೇಳಿಸಿದರೆ ಒಂದೋ ಜೋರಾಗಿ ನುಡಿಸುತ್ತಿದ್ದೀರಿ, ಇಲ್ಲವೇ ಶ್ರುತಿ ಜಾರಿದೆ. ಪರೀಕ್ಷೆಗಳಲ್ಲಿ, ಸ್ಪರ್ಧೆಗಳಲ್ಲಿ ಎದ್ದು ಕಾಣಲು ಕಲಿತವರಿಗೆ ಬೆರೆಯುವುದು ಮೊದಲು ಕಷ್ಟವೆನಿಸುತ್ತದೆ. ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತದೆ.

ಚಾಮರಾಜೇಂದ್ರ ಒಡೆಯರಿಗೆ ರಾಜ್ಯಭಾರದ ನಡುವೆಯೂ ಕೂಡಿ ನುಡಿಸಲು ಸಮಯ ಸಿಕ್ಕಿತು. ನಿಮಗೆ ಭಾನುವಾರದ ಒಂದು ಗಂಟೆ ಸಿಗದೆ? ಬೀರುವಿನ ಮೇಲಿನ ಪೆಟ್ಟಿಗೆಯನ್ನು ಇಳಿಸಿ. ತಂತಿ ತುಕ್ಕು ಹಿಡಿದಿದ್ದರೆ ಹೊಸದು ಹಾಕಿಸಿ, ಬಿರಡೆ ಸಡಿಲವಾಗಿದ್ದರೆ ಬಿಗಿ ಮಾಡಿಸಿ, ಕಮಾನಿಗೆ ರಾಳ ಹಚ್ಚಿ. ಪಕ್ಕದ ಬೀದಿಯಲ್ಲಿ ಜಂಟಿವರಸೆ ನುಡಿಸುವ ಆ ಮನೆಯ ಬಾಗಿಲು ತಟ್ಟಿ ನೋಡಿ.